ಎಲೆಚುಕ್ಕೆ ವರದಿ ಬರೆಸಿದವರಿಗೆ ಥ್ಯಾಂಕ್ಸ್

ನಮ್ಮ ಅಡಿಕೆ ಬೆಳೆಗಾರರ ಗುಂಪಿನ ಎಲೆಚುಕ್ಕೆ ರೋಗದ ವರದಿ ಒಪ್ಪಿಗೆಯಾಗಿದೆ. ಮುಂದಿನ ವರ್ಷವೂ ನೆರವು ಕೊಡುತ್ತೇವೆ ಅಂತ ಪತ್ರ ಬಂದಿದೆ. ದಾರಿಯಲ್ಲಿ ಸಿಕ್ಕಿದವರೆಲ್ಲ 'ಇಂಗ್ಲಿಷಲ್ಲಿ ಭಾರಿ ಬರೆದಿದ್ದೀಯಂತಲ್ಲ' ಅನ್ನುತ್ತಿದ್ದಾರೆ. ಬರೆದಿದ್ದು ನಾನೇ, ಸುಳ್ಳಲ್ಲ. ಆದರೆ ಬರೆಸಿದವರು ಬೇರೆ ಇದ್ದಾರೆ. ಅವರಿಗೆ ನಾಲ್ಕು ಜನರ ಎದುರೇ ಥ್ಯಾಂಕ್ಸ್ ಹೇಳಬೇಕು.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 2022ರಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆ ಅಡಿಕೆಗೆ ಎಲೆಚುಕ್ಕೆ ಎಷ್ಟು ಜೋರಾಗಿ ಬಂದಿತ್ತು ಅಂತ ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಕೊಲೆಟೋಟ್ರೈಕಮ್ ಅನ್ನುವ ಶಿಲೀಂಧ್ರ ಅದಕ್ಕೆ ಮುಖ್ಯ ಕಾರಣ. ಸೋಗೆ, ಅಂದರೆ ಅಡಿಕೆ ಮರದ ಎಲೆಯ ಮೇಲೆ ಕಂದು ಚುಕ್ಕೆ ಏಳುತ್ತದೆ. ಚುಕ್ಕೆಗೆ ಚುಕ್ಕೆ ಕೂಡಿಕೊಂಡು ಸೋಗೆಯೇ ಒಣಗುತ್ತದೆ. ಗಾಳಿ ಮಳೆಗೆ ಪಕ್ಕದ ಮರಕ್ಕೂ ಹರಡುತ್ತದೆ. ಒಬ್ಬರು ಔಷಧಿ ಹೊಡೆದು ಇನ್ನೊಬ್ಬರು ಬಿಟ್ಟರೆ ಹೊಡೆದವರ ದುಡ್ಡೂ ದಂಡ. ಅದಕ್ಕೇ ನಾವು ಗುಂಪು ಮಾಡಿಕೊಂಡಿದ್ದು. ನೆರವು ಕೊಟ್ಟ ಸಂಸ್ಥೆಯವರ ಷರತ್ತು ಒಂದೇ: ವರ್ಷದ ಕೊನೆಗೆ ಕ್ರಮವಾದ ವರದಿ ಬೇಕು, ಇಂಗ್ಲಿಷಲ್ಲೇ ಬೇಕು.

ಕಾರ್ಯದರ್ಶಿ ನಾನು. ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಅರ್ಜಿ ಗಿರ್ಜಿ ಬರೆದು ಗೊತ್ತು. 'ಸುಮ್ನೆ ಪೇಟೆಯಲ್ಲಿ ಯಾರಿಗಾದ್ರೂ ದುಡ್ಡು ಕೊಟ್ಟು ಬರೆಸಿ' ಅಂದವರೂ ಇದ್ದರು. ನನಗೆ ಅದು ಸರಿ ಕಾಣಲಿಲ್ಲ. ತೋಟ ನೋಡದವರು ಎಂತ ಬರೆಯುತ್ತಾರೆ?

ಮೊದಲ ಥ್ಯಾಂಕ್ಸ್ ನಮ್ಮ ಮೇಷ್ಟ್ರಿಗೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆಗಿ ಊರಿಗೆ ಬಂದವರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಗ್ರಾಮರ್ ಹೇಳಿಕೊಡಿ ಅಂತ ಹೋದೆ. 'ಎಂತ ಮಾರಾಯ್ತಿ, ಗ್ರಾಮರ್ ಕೊನೆಗೆ ನೋಡುವ. ಇದನ್ನ ಓದೋದು ಯಾರು? ಓದಿ ಅವರು ಎಂತ ಮಾಡ್ಬೇಕು? ಅದು ಹೇಳು ಮೊದಲು' ಅಂದರು.

ಆಮೇಲೆ ಒಂದು ಹಾಳೆ ತೆಗೆದು ನಡುವೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಎಡಗಡೆ 'ಕಂಡಿದ್ದು', ಬಲಗಡೆ 'ಅನಿಸಿದ್ದು'. ನನ್ನ ನೋಟ್‌ಬುಕ್ಕಿನ ಒಂದೊಂದು ಸಾಲನ್ನೂ ನನ್ನ ಕೈಯಲ್ಲೇ ಆ ಕಡೆ ಈ ಕಡೆ ಹಾಕಿಸಿದರು. 'ಹೊಳೆ ಬದಿಯ ತೋಟದಲ್ಲಿ ಚುಕ್ಕೆ ಜಾಸ್ತಿ ಇತ್ತು', ಇದು ಎಡಕ್ಕೆ. 'ಅಲ್ಲಿ ತೇವ ನಿಲ್ಲುವುದರಿಂದ ಹೀಗಾಗಿರಬಹುದು', ಇದು ಬಲಕ್ಕೆ. 'ಎಲ್ಲರೂ ಒಂದೇ ವಾರದಲ್ಲಿ ಔಷಧಿ ಹೊಡೆಯಬೇಕು' ಅನ್ನುವುದು ಎರಡೂ ಕಡೆಗೆ ಸೇರಲಿಲ್ಲ. ಅದಕ್ಕೆ ಹಾಳೆಯ ಕೆಳಗೆ ಬೇರೆ ಜಾಗ. ಎಡಗಡೆಯದು ಫೈಂಡಿಂಗ್ಸ್, ಬಲಗಡೆಯದು ಕನ್‌ಕ್ಲೂಷನ್, ಕೆಳಗಿನದು ರೆಕಮೆಂಡೇಷನ್ಸ್. ಹೊಸ ವಿಷಯ ಎಡಗಡೆ ಬಿಟ್ಟು ಬೇರೆಲ್ಲೂ ಹುಟ್ಟಬಾರದು. ಮಾಡಬೇಕು ಅಂತ ಬರೆದ ಪ್ರತಿ ಮಾತಿಗೂ ಯಾರು ಮಾಡಬೇಕು, ಯಾವಾಗ ಅಂತ ಇರಬೇಕು. ಎಡಗಡೆಯ ಆಧಾರವೂ ಬೇಕು. ವರದಿಯ ಬೆನ್ನುಮೂಳೆ ಅಷ್ಟೇ. ನಮ್ಮ ಮೀಟಿಂಗಿನಲ್ಲಿ ಬರೀ ಬಲಗಡೆಯಿಂದಲೇ ಮಾತಾಡುವವರು ಯಾರ್ಯಾರು ಅಂತ ನನಗೀಗ ಚೆನ್ನಾಗಿ ಗೊತ್ತಾಗುತ್ತದೆ!

ಉಳಿದಿದ್ದು ಸಲೀಸಾಗಿ ಬಂತು. ಮೊದಲು ಪೀಠಿಕೆ: ಯಾರು ಕೇಳಿದರು, ಯಾಕೆ, ಯಾವ ಊರಿನ ತೋಟಗಳು. ಆಮೇಲೆ ವಿಧಾನ: ಯಾವ ತಿಂಗಳು, ಮರ ಹೇಗೆ ಆರಿಸಿದ್ದು, ಸೋಗೆ ಹೇಗೆ ಎಣಿಸಿದ್ದು. ಬೇರೆಯವರು ಓದಿ ಹಾಗೆಯೇ ಮಾಡಿ ನೋಡುವಂತಿರಬೇಕು. ಉದ್ದದ ಪಟ್ಟಿಗಳೆಲ್ಲ ಅನುಬಂಧಕ್ಕೆ. ಸಾರಾಂಶ ಕೂರುವುದು ಎಲ್ಲದಕ್ಕಿಂತ ಮುಂದೆ, ಬರೆಯುವುದು ಎಲ್ಲ ಮುಗಿದ ಮೇಲೆ.

ಇಂಗ್ಲಿಷಿನ ವಿಷಯದಲ್ಲಿ ಮೇಷ್ಟ್ರು ಕಟ್ಟುನಿಟ್ಟು. 'ಕೈಂಡ್ಲಿ ಡು ದ ನೀಡ್‌ಫುಲ್' ಅರ್ಜಿಗೆ ಇರಲಿ, ಇಲ್ಲಿ ಬೇಡ ಅಂದರು. 'ವೆರಿ' ಕಂಡಲ್ಲೆಲ್ಲ ಗೀಟು ಹಾಕಿದರು. ನೋಡಿದ್ದನ್ನು ಭೂತಕಾಲದಲ್ಲಿ ಬರೆ, ಚುಕ್ಕೆ ಎಣಿಸಿದ್ದು ಯಾರು ಅನ್ನುವುದು ಮುಖ್ಯವಲ್ಲದ ಕಡೆ 'ವರ್ ಕೌಂಟೆಡ್' ಅನ್ನು, ಸಾಕು. ಆದರೆ ಸಲಹೆ ಕೊಡುವಾಗ ಮಾಡಬೇಕಾದವರ ಹೆಸರು ಅಡಗಿಸಬೇಡ ಅಂದರು. ನಾವು ಲ್ಯಾಬಿನಲ್ಲಿ ಏನೂ ಪರೀಕ್ಷೆ ಮಾಡಿಸಿರಲಿಲ್ಲ, ಕಣ್ಣಿನಲ್ಲಿ ನೋಡಿದ್ದಷ್ಟೇ. ಹಾಗಾಗಿ 'ಪ್ರೂವ್ಸ್' ಹೋಗಿ 'ಸಜೆಸ್ಟ್ಸ್' ಬಂತು.

ಧೈರ್ಯಕ್ಕೆ ಒಂದು ಕತೆಯನ್ನೂ ಹೇಳಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅನ್ನುವ ವಿಜ್ಞಾನಿ ನಮ್ಮ ಅಡಿಕೆ ಕೊಳೆರೋಗದ ಮೇಲೆ 1910ರಲ್ಲೇ ಇಂಗ್ಲಿಷಲ್ಲಿ ವರದಿ ಬರೆದಿದ್ದರಂತೆ. ನಾವು ಈಗಲೂ ಮಳೆಗಾಲದ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದನ್ನು ಕೊಳೆಗೆ ಹೊಡೆಯಿರಿ ಅಂತ ಹೇಳಿಕೊಟ್ಟಿದ್ದೂ ಅವರೇ. 'ತೋಟದ ಕಾಯಿಲೆ ಇಂಗ್ಲಿಷಲ್ಲಿ ಬರೆಯೋದು ನೀನೇ ಮೊದಲಲ್ಲ, ಹೆದರ್ಬೇಡ' ಅಂದರು ಮೇಷ್ಟ್ರು.

ಎರಡನೆಯದು ಶಿವಮೊಗ್ಗದ ಅತ್ತಿಗೆಗೆ. ಬ್ಯಾಂಕಿನ ಕೆಲಸ ಮುಗಿಸಿ ಬಂದು ರಾತ್ರಿ ಫೋನಿನಲ್ಲಿ ಕಂಪ್ಯೂಟರ್ ಪಾಠ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ತಲೆಬರಹಗಳಿಗೆ ನಂಬರ್, ಪರಿವಿಡಿ ತಾನಾಗೇ ಬರುವ ಹಾಗೆ ಮಾಡುವುದು, ಕೋಷ್ಟಕದ ಹೆಸರು ಮೇಲೆ, ಫೋಟೋದ ಹೆಸರು ಕೆಳಗೆ, ಇವೆಲ್ಲ ಅವರು ಹೇಳಿಕೊಟ್ಟಿದ್ದು. ಬೈದಿದ್ದೂ ಇದೆ, ಇರಲಿ ಅತ್ತಿಗೆ.

ಮತ್ತೆ ನಮ್ಮ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವನು. ಮರದ ತುದಿಯಲ್ಲಿ ಕೂತು ಸೋಗೆ ಎಣಿಸಿ ಕೂಗಿ ಹೇಳಿದ್ದು ಅವನು, ಕೆಳಗೆ ನಿಂತು ಬರೆದುಕೊಂಡಿದ್ದಷ್ಟೇ ನನ್ನ ಕೆಲಸ. ಶುರುವಿನಲ್ಲಿ 'ರಾಶಿ ಇದೆ ಅಮ್ಮಾ' ಅನ್ನುತ್ತಿದ್ದ. ಈಗ ಬೇರೆಯವರ ತೋಟದಲ್ಲೂ ಎಣಿಸಿಯೇ ಹೇಳುತ್ತಾನಂತೆ. ತೋಟದೊಳಗೆ ಬಿಟ್ಟುಕೊಂಡು ಔಷಧಿಯ ಬಿಲ್ಲು ಹುಡುಕಿ ಕೊಟ್ಟ ಎಲ್ಲ ಮನೆಯವರಿಗೂ, ಅಡುಗೆಮನೆ ಕಡೆ ತಲೆ ಹಾಕಬೇಡ ಅಂದ ನಮ್ಮ ಅತ್ತೆಗೂ ದೊಡ್ಡ ನಮಸ್ಕಾರ.

ಪಕ್ಕದ ಊರಿನ ಗುಂಪಿನವರೂ ಇಂಥದ್ದೇ ವರದಿ ಬರೆಯಬೇಕಂತೆ, ಕೇಳಿದ್ದಾರೆ. ಕೊಯ್ಲು ಮುಗಿದ ಮೇಲೆ ಬನ್ನಿ, ಮೇಷ್ಟ್ರೂ ಒಪ್ಪಿದ್ದಾರೆ. ಗ್ರಾಮರ್ ಪುಸ್ತಕ ಬೇಡ, ನಿಮ್ಮ ತೋಟದ ಲೆಕ್ಕದ ನೋಟ್‌ಬುಕ್ ತನ್ನಿ.