‘ಸಾಕ್ಷಿ’ಯ ಹಳೆಯ ಸಂಚಿಕೆಗಳನ್ನು ಉಳಿಸಿಕೊಳ್ಳೋಣ, ಕೈಜೋಡಿಸಿ

ಆತ್ಮೀಯ ಓದುಗರೇ,

ನೇರವಾಗಿಯೇ ಕೇಳುತ್ತೇವೆ, ನಮಗೆ ದುಡ್ಡು ಬೇಕು. ಮಲೆನಾಡಿನ ನಮ್ಮ ಚಿಕ್ಕ ಗ್ರಂಥಾಲಯ ಟ್ರಸ್ಟಿನಲ್ಲಿ ಹಳೆಯ ಸಾಹಿತ್ಯ ಪತ್ರಿಕೆಗಳ ಒಂದು ಕಪಾಟಿದೆ. ಅದರಲ್ಲಿ ಮುಖ್ಯವಾದದ್ದು ಕವಿ ಗೋಪಾಲಕೃಷ್ಣ ಅಡಿಗರು ಸಂಪಾದಿಸುತ್ತಿದ್ದ ‘ಸಾಕ್ಷಿ’. ಜೊತೆಗೆ ಮಾಸ್ತಿಯವರು ನಡೆಸುತ್ತಿದ್ದ ‘ಜೀವನ’ ಮತ್ತು ಧಾರವಾಡದ ‘ಸಂಕ್ರಮಣ’ದ ಬಿಡಿ ಸಂಚಿಕೆಗಳೂ ಇವೆ. ಕಾಗದ ಕಂದು ಬಣ್ಣಕ್ಕೆ ತಿರುಗಿದೆ. ಪುಟ ತಿರುಗಿಸಿದರೆ ಅಂಚು ಉದುರುತ್ತದೆ. ಪಿನ್ನುಗಳು ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತಿವೆ, ಮಳೆಗಾಲ ಬಂತೆಂದರೆ ಬೂಷ್ಟು ಬೇರೆ.

ಅಡಿಗರ ಪುಸ್ತಕಗಳು ಅಂಗಡಿಯಲ್ಲೇ ಸಿಗುತ್ತವೆ ಅಲ್ವಾ, ಈ ಹಳೇ ಕಾಗದಕ್ಕೆ ಇಷ್ಟೆಲ್ಲ ಯಾಕೆ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಪುಸ್ತಕದಲ್ಲಿ ಕವಿತೆ ಉಳಿದಿದೆ. ಆ ಕವಿತೆಯ ಸುತ್ತ ನಡೆದ ವಾದ, ಆ ವರ್ಷ ಅದರ ಪಕ್ಕದಲ್ಲಿ ಬೇರೆ ಯಾರು ಏನು ಬರೆಯುತ್ತಿದ್ದರು ಎನ್ನುವುದು, ಒಂದೇ ಸಲ ಬರೆದು ಆಮೇಲೆ ಸುಮ್ಮನಾದ ಹುಡುಗರ ಕಥೆಗಳು, ಪುಸ್ತಕವಾಗಿ ಎಂದೂ ಬರದ ವಿಮರ್ಶೆಗಳು, ಇವೆಲ್ಲ ಇರುವುದು ಪತ್ರಿಕೆಯಲ್ಲಿ ಮಾತ್ರ. ಪತ್ರಿಕೆ ಹೋದರೆ ಇವೂ ಹೋದವು.

ಸ್ವಲ್ಪ ಹಿಂದಿನಿಂದ ಹೇಳಬೇಕು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಡಿಗರ ಮೊದಲ ಸಂಕಲನ ‘ಭಾವತರಂಗ’ ಬಂತು. 1948ರಲ್ಲಿ ‘ಕಟ್ಟುವೆವು ನಾವು’ ಬಂತು. ಹೊಸ ನಾಡು ಕಟ್ಟುತ್ತೇವೆ ಎನ್ನುವ ಹುರುಪು ಆ ಹೆಸರಿನಲ್ಲೇ ಇದೆ. ಆರೇ ವರ್ಷಕ್ಕೆ, 1954ರಲ್ಲಿ, ‘ಚಂಡೆಮದ್ದಳೆ’ ಬಂದಾಗ ದನಿ ಪೂರ್ತಿ ಬದಲಾಗಿತ್ತು. ಸ್ವಾತಂತ್ರ್ಯ ಬಂದ ಮೇಲಿನ ನಿರಾಸೆ, ಸಿಟ್ಟು, ತನ್ನನ್ನೇ ತಾನು ಕೆದಕಿ ನೋಡುವ ಗುಣ, ಮಾತಿಗೆ ಹತ್ತಿರದ ಲಯ. ಅಷ್ಟರಲ್ಲಿ ಗೋಕಾಕರು ಮುಂಬಯಿಯ ಸಾಹಿತ್ಯ ಸಮ್ಮೇಳನದಲ್ಲಿ ‘ನವ್ಯ’ದ, ಅಂದರೆ ಈ ಹೊಸ ಬಗೆಯ ಬರವಣಿಗೆಯ, ಮಾತು ಎತ್ತಿಯಾಗಿತ್ತು. ಆದರೆ ಹಾಡಿಕೊಳ್ಳುವ ಭಾವಗೀತೆಗೆ ಒಗ್ಗಿಹೋಗಿದ್ದ ಓದುಗರಿಗೆ ಈ ಹೊಸ ಕವಿತೆ ಸುಲಭಕ್ಕೆ ದಕ್ಕಲಿಲ್ಲ. ಬರೆಯುವವರು ಬಂದಿದ್ದರು, ಓದುವವರು ಇನ್ನೂ ತಯಾರಾಗಬೇಕಿತ್ತು.

1962ರಲ್ಲಿ ಶುರುವಾದ ‘ಸಾಕ್ಷಿ’ ಮಾಡಿದ ದೊಡ್ಡ ಕೆಲಸ ಇದೇ ಎಂದು ನಮಗೆ ಅನಿಸುತ್ತದೆ. ಕವಿತೆ ಅಚ್ಚು ಹಾಕುವ ಪತ್ರಿಕೆಗಳು ಮೊದಲೂ ಇದ್ದವು. ಇಲ್ಲಿ ಕವಿತೆ, ಕಥೆಗಳ ಜೊತೆಗೇ ವಿಮರ್ಶೆಗೂ ಚರ್ಚೆಗೂ ಸರಿಸಮನಾದ ಜಾಗ ಸಿಕ್ಕಿತು. ಒಂದು ಕೃತಿಯನ್ನು ಹೊಗಳಿ ಶಾಲು ಹೊದಿಸುವ ಬದಲು ಸಾಲು ಸಾಲಾಗಿ ಓದಿ, ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಹೇಳುವ ಅಭ್ಯಾಸ ಬೆಳೆಯಿತು. ಇವತ್ತು ಕನ್ನಡ ತರಗತಿಗಳಲ್ಲಿ ಮೇಷ್ಟ್ರು ಒಂದು ಕವಿತೆಯನ್ನು ಬಿಡಿಸಿ ಪಾಠ ಮಾಡುವ ರೀತಿಯಲ್ಲೂ ಅದರ ನೆರಳಿದೆ.

ಇದು ನಡೆದ ಜಾಗವನ್ನೂ ಗಮನಿಸಬೇಕು. 1956ರ ತನಕ ಕನ್ನಡದ ಊರುಗಳು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಅಂತ ಹಂಚಿಹೋಗಿದ್ದವು. ನಾಡು ಒಂದಾಗಿ ಕೆಲವೇ ವರ್ಷಕ್ಕೆ ಇಂಥ ಪತ್ರಿಕೆಗಳು ಅಂಚೆಯಲ್ಲಿ ಓಡಾಡತೊಡಗಿದವು. ಮೊಗೇರಿಯಲ್ಲಿ ಹುಟ್ಟಿದ ಅಡಿಗರು ಮೈಸೂರಿನಲ್ಲಿ ಪಾಠ ಮಾಡಿ, 1964ರಲ್ಲಿ ಸಾಗರದ ಲಾಲ್ ಬಹಾದ್ದೂರ್ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಬಂದರು, ಆಮೇಲೆ ಉಡುಪಿಗೆ ಹೋದರು. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1949ರಷ್ಟು ಹಿಂದೆಯೇ ನೀನಾಸಂ ಎಂಬ ನಾಟಕ ಸಂಘ ಕಟ್ಟಿದ್ದರು, ಅಕ್ಷರ ಪ್ರಕಾಶನವನ್ನೂ ನಡೆಸುತ್ತಿದ್ದರು. ಬೆಂಗಳೂರಿನಿಂದ ಇಷ್ಟು ದೂರದ, ಅಡಿಕೆ ತೋಟಗಳ ನಡುವಿನ ಈ ಭಾಗ ಕನ್ನಡದ ಹೊಸ ಬರವಣಿಗೆಗೆ ಒಂದು ಕೇಂದ್ರವಾಯಿತು. ನಮ್ಮ ಕಡೆಯವರಿಗೆ ಇದು ಹೆಮ್ಮೆಯ ವಿಷಯ, ಅದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ.

ನವ್ಯವನ್ನು ಒಪ್ಪದೆ ಹೊರನಡೆದವರನ್ನೂ ಇಲ್ಲಿ ನೆನೆಯಲೇಬೇಕು. 1973ರಲ್ಲಿ ತೇಜಸ್ವಿಯವರು ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನದ ಮುನ್ನುಡಿಯಲ್ಲೇ ನವ್ಯದ ದಾರಿ ಬಿಡುತ್ತಿದ್ದೇನೆ ಎಂದು ಸಾರಿದರು. ಅದೇ ವರ್ಷ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ‘ಬೂಸಾ’ ಎಂದು ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಆಡಿದ ಮಾತು ನಾಡನ್ನೇ ಅಲುಗಿಸಿತು. 1964ರಲ್ಲಿ ಚಂಪಾ, ಗಿರಡ್ಡಿ, ಪಟ್ಟಣಶೆಟ್ಟಿ ಸೇರಿ ಶುರು ಮಾಡಿದ ‘ಸಂಕ್ರಮಣ’ ಮುಂದೆ ಸಮಾಜದ ಅನ್ಯಾಯದ ವಿರುದ್ಧ ಬರೆಯುವ ಬಂಡಾಯದ ಕಡೆ ವಾಲಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯೇ ಹುಟ್ಟಿತು. ನವ್ಯದವರು ತಮ್ಮೊಳಗೇ ಮುಳುಗಿದ್ದಾರೆ, ಜಾತಿಯ ನೋವು ಅವರಿಗೆ ಕಾಣುತ್ತಿಲ್ಲ ಎಂಬ ಟೀಕೆಯಲ್ಲಿ ನಿಜ ಜಾಸ್ತಿಯೇ ಇತ್ತು. ಹಾಗಾಗಿಯೇ ನಾವು ‘ಸಾಕ್ಷಿ’ಯೊಂದನ್ನೇ ಉಳಿಸಲು ಹೊರಟಿಲ್ಲ. ಎರಡೂ ಕಡೆಯ ಸಂಚಿಕೆಗಳು ಒಂದೇ ಮೇಜಿನ ಮೇಲೆ ಸಿಕ್ಕರೆ ಮಾತ್ರ ಇವತ್ತಿನ ಹುಡುಗರು, ಹುಡುಗಿಯರು ಆ ಜಗಳವನ್ನು ತಾವೇ ಓದಿ, ತಮ್ಮದೇ ಆದ ತೀರ್ಮಾನಕ್ಕೆ ಬರಬಹುದು.

ಇನ್ನು ದುಡ್ಡಿನ ವಿಷಯ. ಪುಟಗಳನ್ನು ಒತ್ತದೆ ಮೇಲಿನಿಂದಲೇ ಚಿತ್ರ ತೆಗೆಯುವ ಸ್ಕ್ಯಾನರ್ ಕೊಳ್ಳಬೇಕು. ಮೂಲ ಪ್ರತಿಗಳಿಗೆ ಆಮ್ಲವಿಲ್ಲದ ಕಾಗದದ ಪೆಟ್ಟಿಗೆ ಮಾಡಿಸಬೇಕು, ಕೋಣೆಯ ತೇವ ತಗ್ಗಿಸುವ ಯಂತ್ರ ಬೇಕು. ಎಲ್ಲಕ್ಕಿಂತ ಹೆಚ್ಚು ಖರ್ಚು ಕರಡು ತಿದ್ದುವುದಕ್ಕೆ. ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಪುಟಗಳಲ್ಲಿ ಒತ್ತಕ್ಷರ ಮುರಿದಿರುತ್ತವೆ, ಕಂಪ್ಯೂಟರ್ ಅದನ್ನು ತಪ್ಪು ತಪ್ಪಾಗಿ ಓದುತ್ತದೆ. ಕನ್ನಡ ಚೆನ್ನಾಗಿ ಬಲ್ಲವರೊಬ್ಬರು ಕೂತು ಸಾಲು ಸಾಲು ನೋಡಬೇಕು, ಅವರಿಗೆ ಮರ್ಯಾದೆಯ ಸಂಬಳ ಕೊಡಬೇಕು.

ಇಂಟರ್ನೆಟ್ಟಿಗೆ ಹಾಕಿಬಿಡಿ ಅಂತ ತುಂಬಾ ಜನ ಹೇಳುತ್ತಾರೆ. ಅದು ಅಷ್ಟು ಸುಲಭವಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಅಡಿಗರು ತೀರಿಕೊಂಡದ್ದು 1992ರಲ್ಲಿ, ಅಂದರೆ ಅವರ ಬರಹಗಳ ಹಕ್ಕು 2052ರ ಕೊನೆಯವರೆಗೂ ಇರುತ್ತದೆ. ಲಾಭಕ್ಕಾಗಿ ನಡೆಸದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪ್ರತಿಯನ್ನು ಕಾಪಾಡಲು ಡಿಜಿಟಲ್ ಪ್ರತಿ ಮಾಡಿಟ್ಟುಕೊಳ್ಳಬಹುದು, ಅದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಆದ್ದರಿಂದ ಮೊದಲು ನಮ್ಮ ಓದುವ ಕೋಣೆಯಲ್ಲಿ ಸಿಗುವ ಹಾಗೆ ಮಾಡುತ್ತೇವೆ. ಲೇಖಕರ ಕುಟುಂಬದವರನ್ನು ಒಬ್ಬೊಬ್ಬರಾಗಿ ಕೇಳಿ, ಒಪ್ಪಿದವರ ಬರಹವನ್ನು ಮಾತ್ರ ಎಲ್ಲರಿಗೂ ತೆರೆದಿಡುತ್ತೇವೆ.

₹500 ಕೊಟ್ಟರೂ ಸಂತೋಷ, ₹5,000 ಕೊಟ್ಟರೂ ಸಂತೋಷ. ಎಲ್ಲರಿಗೂ ಆದಾಯ ತೆರಿಗೆ ರಿಯಾಯಿತಿಗೆ ಬೇಕಾದ ರಸೀದಿ ಕೊಡುತ್ತೇವೆ. ₹2,000ಕ್ಕಿಂತ ಜಾಸ್ತಿ ನಗದಾಗಿ ಕೊಟ್ಟರೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಚೆಕ್ಕು ಅಥವಾ ಯುಪಿಐ ಮೂಲಕ ಕೊಡಿ. ಹೊರದೇಶದಲ್ಲಿರುವ ಕನ್ನಡಿಗರಲ್ಲಿ ಒಂದು ಮಾತು. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗಿಲ್ಲ, ಆದ್ದರಿಂದ ಬೇರೆ ದೇಶದ ಪೌರತ್ವ ಪಡೆದವರಿಂದ ಹಣ ತೆಗೆದುಕೊಳ್ಳಲು ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡಬಹುದು. ಖಾತೆಯ ವಿವರ ಈ ಮನವಿಯನ್ನು ನಿಮಗೆ ತಲುಪಿಸಿದವರ ಹತ್ತಿರ ಇದೆ.

ದುಡ್ಡು ಕೊಡಲು ಆಗದಿದ್ದರೆ ಇನ್ನೊಂದು ದಾರಿಯಿದೆ. ನಿಮ್ಮ ಅಜ್ಜನೋ ದೊಡ್ಡಪ್ಪನೋ ಇಂಥ ಪತ್ರಿಕೆಗಳಿಗೆ ಚಂದಾದಾರರಾಗಿದ್ದರೆ ಅಟ್ಟದ ಮೇಲಿನ ಟ್ರಂಕು ಒಮ್ಮೆ ನೋಡಿ. ನಮ್ಮ ಸಾಲಿನಲ್ಲಿ ನಡುನಡುವೆ ಸಂಚಿಕೆಗಳು ಇಲ್ಲ. ಸಿಕ್ಕಿದ್ದನ್ನು ನಮಗೇ ಕೊಟ್ಟುಬಿಡಬೇಕೆಂದಿಲ್ಲ, ಸ್ಕ್ಯಾನ್ ಮಾಡಿ ಹಾಗೆಯೇ ವಾಪಸ್ ಮಾಡುತ್ತೇವೆ. ಪುಟಗಳು ಅಂಟಿಕೊಂಡಿದ್ದರೆ ನೀವೇ ಬಿಡಿಸಲು ಹೋಗಬೇಡಿ, ಬಿಸಿಲಿಗೂ ಇಡಬೇಡಿ. ಇದ್ದ ಹಾಗೆಯೇ ಹತ್ತಿಬಟ್ಟೆಯಲ್ಲಿ ಸುತ್ತಿ ತನ್ನಿ.