ಬಿಚ್ಚಿ ನೋಡದೆ ತಿರಸ್ಕರಿಸಿದ ಜೋಡುನಳಿಗೆ

ಮಾನ್ಯ ಸಂಪಾದಕರೇ,

ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗ ಕಳೆದ ಬೇಸಿಗೆ ರಜೆಯಲ್ಲಿ ಎರಡು ಆಟಿಕೆ ಬಂದೂಕುಗಳನ್ನು ಬಿಚ್ಚಿ, ಕತ್ತರಿಸಿ, ಒಂದಾಗಿ ಜೋಡಿಸಿದ್ದ. ನರ್ಫ್ ಎಂಬ ಹೆಸರಿನಿಂದ ಇಂದಿನ ಮಕ್ಕಳಿಗೆಲ್ಲ ಪರಿಚಿತವಾಗಿರುವ, ಫೋಮಿನ ಮೆತ್ತನೆಯ ಬಾಣವನ್ನು ಗಾಳಿಯ ಒತ್ತಡದಿಂದ ಹಾರಿಸುವ ಆಟಿಕೆಗಳು ಅವು. ಅದನ್ನು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಯ್ದಾಗ ತೀರ್ಪುಗಾರರು ‘ಬಂದೂಕಿಗೆ ಇಲ್ಲಿ ಜಾಗವಿಲ್ಲ’ ಎಂದು ದೂರದಿಂದಲೇ ಹೇಳಿ ಮೇಜಿನ ಮೇಲಿಂದ ತೆಗೆಸಿದರು. ಪ್ರತಿಯೊಂದು ಬಿಡಿಭಾಗದ ಅಳತೆ ಸಹಿತ ಚಿತ್ರ ಬರೆದಿಟ್ಟಿದ್ದ ಅವನ ನೋಟ್‌ಪುಸ್ತಕವನ್ನು ಯಾರೂ ತೆರೆಯಲಿಲ್ಲ. ಬಂದೂಕಿನ ಆಕಾರದ ವಸ್ತು ಮಕ್ಕಳ ಕೈಯಲ್ಲಿ ಇರುವುದರ ಬಗ್ಗೆ ಶಾಲೆಯವರಿಗಿರುವ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದರ ಬಗ್ಗೆ ಮುಂದೆ ಬರೆದಿದ್ದೇನೆ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಐಟಿಐಯಲ್ಲಿ ಫಿಟ್ಟರ್ ವಿಭಾಗದ ವಿದ್ಯಾರ್ಥಿಗಳಿಗೆ ಅರ ಹಿಡಿಯುವುದನ್ನೂ ಅಳತೆ ನೋಡುವುದನ್ನೂ ಕಲಿಸಿದ ನಾನು, ಒಬ್ಬ ಹುಡುಗನ ಕೈಕೆಲಸವನ್ನು ಒಳಗೇನಿದೆ ಎಂದು ನೋಡದೆಯೇ ತಳ್ಳಿಹಾಕಿದ್ದನ್ನು ಒಪ್ಪಲಾರೆ.

ಒಳಗೆ ಇರುವುದು ನಮ್ಮ ಉಡುಪಿ ಕಡೆಯವರಿಗೆ ಹೊಸದೇನಲ್ಲ. ಅಷ್ಟಮಿಯ ದಿನಗಳಲ್ಲಿ ಮಕ್ಕಳು ಹಿಡಿದು ತಿರುಗುತ್ತಿದ್ದ ಬಿದಿರಿನ ಪೇಟ್ಲವನ್ನು ಹಿರಿಯ ಓದುಗರು ನೆನಪಿಸಿಕೊಳ್ಳಬಹುದು. ಸಣ್ಣ ಬಿದಿರಿನ ಕೊಳವೆಯ ಮುಂತುದಿಗೆ ಒಂದು ಎಳೆಯ ಕಾಯಿಯನ್ನು ತುರುಕಿ, ಹಿಂದಿನಿಂದ ಇನ್ನೊಂದು ಕಾಯಿಯನ್ನು ಕೋಲಿನಿಂದ ತಳ್ಳಿದರೆ, ನಡುವೆ ಸಿಕ್ಕಿಬಿದ್ದ ಗಾಳಿ ಬಿಗಿದು ಮುಂದಿನ ಕಾಯಿ ‘ಟಪ್’ ಎಂದು ಹಾರುತ್ತದೆ. ಅಂಗಡಿಯ ಆಟಿಕೆಯಲ್ಲಿ ಕೋಲಿನ ಬದಲು ಸ್ಪ್ರಿಂಗ್ ಇದೆ, ಹಿಂದಿನ ಕಾಯಿಯ ಬದಲು ರಬ್ಬರಿನ ಓ-ರಿಂಗ್ ತೊಟ್ಟ ಪಿಸ್ಟನ್ ಇದೆ. ಹಿಡಿಯನ್ನು ಹಿಂದಕ್ಕೆ ಎಳೆದಾಗ ಪಿಸ್ಟನ್ ಒಂದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ, ಟ್ರಿಗರ್ ಒತ್ತಿದಾಗ ಕೊಕ್ಕೆ ಜಾರುತ್ತದೆ, ಪಿಸ್ಟನ್ ಮುನ್ನುಗ್ಗಿ ಸಿಲಿಂಡರಿನ ಗಾಳಿಯನ್ನೆಲ್ಲ ನಳಿಗೆಗೆ ನೂಕುತ್ತದೆ. ಸುಮಾರು 72 ಮಿಲಿಮೀಟರ್ ಉದ್ದದ, ಅರ್ಧ ಇಂಚು ದಪ್ಪದ, ಒಂದು ಗ್ರಾಂ ತೂಕದ ಫೋಮಿನ ಬಾಣ ಸೆಕೆಂಡಿಗೆ ಹೆಚ್ಚುಕಡಿಮೆ 20 ಮೀಟರ್ ವೇಗದಲ್ಲಿ ಹೊರಡುತ್ತದೆ.

ಮೊಮ್ಮಗ ಮೊದಲು ಹೂಡಿದ ಯೋಜನೆ ಸರಳವಾಗಿತ್ತು. ಎರಡು ಆಟಿಕೆಗಳ ಗಾಳಿಯನ್ನು ಒಂದೇ ನಳಿಗೆಗೆ ತಂದರೆ ಬಾಣ ಎರಡರಷ್ಟು ದೂರ ಹೋಗಬೇಕು ಎಂಬುದು ಅವನ ಲೆಕ್ಕ. ಎರಡು ಸಿಲಿಂಡರುಗಳ ಬಾಯನ್ನು ಪ್ಲಂಬರುಗಳು ಬಳಸುವ ಟಿ-ಜಾಯಿಂಟಿಗೆ ಸೇರಿಸಿ, ಮೂರನೆಯ ಬಾಯಿಗೆ ಬಿಸಿನೀರಿನ ಅರ್ಧ ಇಂಚಿನ ಸಿಪಿವಿಸಿ ಪೈಪಿನ ತುಂಡನ್ನು ನಳಿಗೆಯಾಗಿ ಕೂರಿಸಿ, ಸುತ್ತಲೂ ಎಂ-ಸೀಲ್ ಮೆತ್ತಿದ. ಆ ಪೈಪಿನ ಒಳಗೆ ಬಾಣ ಬಿಗಿಯಾಗಿ, ಆದರೆ ತಡೆಯದೆ ಜಾರುತ್ತದೆ ಎಂಬುದನ್ನು ಅವನೇ ಹುಡುಕಿಕೊಂಡಿದ್ದ. ಅಂಗಳದಲ್ಲಿ ಹಾರಿಸಿ ನೋಡಿದರೆ ಒಂದೊಂದೇ ಇದ್ದಾಗ ಹೋಗುತ್ತಿದ್ದಷ್ಟು ದೂರವೂ ಬಾಣ ಹೋಗಲಿಲ್ಲ. ಹುಡುಗ ಪೆಚ್ಚಾಗಿ, “ಅಜ್ಜ, ಎರಡು ಸೇರಿ ಒಂದಕ್ಕಿಂತ ಕಮ್ಮಿ ಆಯ್ತಲ್ಲ?” ಎಂದು ಕೇಳಿದ.

ಪಾಠ ಇದ್ದದ್ದು ಆ ಪ್ರಶ್ನೆಯಲ್ಲಿ. ನಾನು ಉತ್ತರ ಹೇಳಲಿಲ್ಲ. ಎರಡು ಕೊಕ್ಕೆಗಳು ಒಂದೇ ಗಳಿಗೆಯಲ್ಲಿ ಜಾರುತ್ತವೆಯೇ ನೋಡು ಎಂದಷ್ಟೇ ಹೇಳಿದೆ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ನೋಡಿದಾಗ ಒಂದು ಪಿಸ್ಟನ್ ಮೊದಲು ಹೊರಡುವುದೂ ಇನ್ನೊಂದು ಹಿಂದೆ ಉಳಿಯುವುದೂ ಅವನಿಗೆ ಕಂಡಿತು. ಹಿಂದೆ ಉಳಿದ ಪಿಸ್ಟನ್ನಿನ ಮುಂದಿರುವ ಸಿಲಿಂಡರ್ ಆ ಹೊತ್ತಿನಲ್ಲಿ ಖಾಲಿ ಕೋಣೆಯಂತೆ ತೆರೆದಿರುತ್ತದೆ. ಮೊದಲ ಪಿಸ್ಟನ್ ತಳ್ಳಿದ ಗಾಳಿ ಬಾಣವನ್ನು ನೂಕುವ ಬದಲು ಆ ಕೋಣೆಯನ್ನು ತುಂಬಲು ಹೋಗುತ್ತದೆ, ಒತ್ತಡ ಇಳಿಯುತ್ತದೆ, ಎರಡನೆಯ ಪಿಸ್ಟನ್ ಬರುವಷ್ಟರಲ್ಲಿ ಬಾಣ ನಳಿಗೆಯನ್ನು ಬಿಟ್ಟಿರುತ್ತದೆ. ಇದರ ಜೊತೆಗೆ ಟಿ-ಜಾಯಿಂಟಿನ ಒಳಗಿನ ಜಾಗವೂ ಗಾಳಿಯನ್ನು ನುಂಗುತ್ತದೆ. ನಳಿಗೆಯ ಉದ್ದವೂ ಸಿಲಿಂಡರಿನ ಗಾಳಿಗೆ ತಕ್ಕಂತಿರಬೇಕು: ಉದ್ದ ಹೆಚ್ಚಾದರೆ ಗಾಳಿ ಮುಗಿದ ಮೇಲೂ ಬಾಣ ಒಳಗೇ ಉಜ್ಜಿಕೊಂಡು ಸಾಗುತ್ತಾ ವೇಗ ಕಳೆದುಕೊಳ್ಳುತ್ತದೆ. ಅನಿಲದ ಗಾತ್ರ ಹೆಚ್ಚಿದಷ್ಟೂ ಒತ್ತಡ ಕುಗ್ಗುತ್ತದೆ ಎಂಬ ಬಾಯ್ಲನ ನಿಯಮವನ್ನು ಅವನು ಇನ್ನು ಮೇಲಿನ ತರಗತಿಗಳಲ್ಲಿ ಓದಬೇಕಷ್ಟೆ. ಅದು ಅವನ ಕೈಗೆ ಆಗಲೇ ಗೊತ್ತಾಗಿದೆ.

ಎರಡನೆಯ ಪ್ರಯತ್ನದಲ್ಲಿ ಗಾಳಿಯನ್ನು ಬೆರೆಸುವ ಆಸೆ ಬಿಟ್ಟು, ನಮ್ಮ ಹಿರಿಯರ ಜೋಡುನಳಿಗೆ ಕೋವಿಯ ಹಾದಿ ಹಿಡಿದ. ಆರು ಬಾಣದ ಉರುಳೆಯಿರುವ ದೊಡ್ಡ ಆಟಿಕೆಯ ಹೊಟ್ಟೆಯ ಕೆಳಗೆ ಒಂದೇ ಬಾಣದ ಚಿಕ್ಕದನ್ನು ಅದರ ಸ್ವಂತ ಸಿಲಿಂಡರ್, ಸ್ವಂತ ನಳಿಗೆ ಸಹಿತ ಕೂರಿಸುವುದು, ಟ್ರಿಗರ್ ಮಾತ್ರ ಒಂದೇ ಇರುವುದು. ಅರ್ಧ ಒತ್ತಿದರೆ ಮೇಲಿನದು, ಪೂರ್ತಿ ಒತ್ತಿದರೆ ಕೆಳಗಿನದು ಹಾರಬೇಕು. ಮೇಲಿನ ಟ್ರಿಗರನ್ನು ಕೆಳಗಿನ ಕೊಕ್ಕೆಗೆ ಜೋಡಿಸಲು ಹಳೆಯ ಸೈಕಲಿನ ಕಡ್ಡಿಯೊಂದನ್ನು ಎರಡೂ ತುದಿಗಳಲ್ಲಿ ಬಾಗಿಸಿ ಬಳಸಿದ. ಕಡ್ಡಿಯ ತುದಿ ಕೂರುವಲ್ಲಿ ದುಂಡನೆಯ ತೂತಿನ ಬದಲು ಉದ್ದನೆಯ ಸೀಳು ಕೊರೆದು, ಟ್ರಿಗರಿನ ಮೊದಲ ಐದು ಮಿಲಿಮೀಟರ್ ಚಲನೆಯಲ್ಲಿ ಕಡ್ಡಿ ಸೀಳಿನೊಳಗೆ ಸುಮ್ಮನೆ ಜಾರುವಂತೆ, ಆಮೇಲಷ್ಟೇ ಕೊಕ್ಕೆಯನ್ನು ಎಳೆಯುವಂತೆ ಮಾಡಿದ. ಸೀಳನ್ನು ಒಮ್ಮೆ ಅರ್ಧ ಮಿಲಿಮೀಟರ್ ಹೆಚ್ಚು ಉಜ್ಜಿದ್ದರಿಂದ ಕೆಳಗಿನ ಕೊಕ್ಕೆ ಪೂರ್ತಿ ಬಿಡದೆ, ಇಡೀ ತುಂಡನ್ನು ಹೊಸದಾಗಿ ಮಾಡಬೇಕಾಯಿತು. ತುಂಡನ್ನು ಬಿಗಿಹಿಡಿಯುವ ಬೆಂಚ್ ವೈಸಿನ ಮುಂದೆ ಸಂಜೆಯಿಡೀ ನಿಂತು, ಎರಡು ಸಲ ಉಜ್ಜುವುದು, ಒಂದು ಸಲ ಕೂರಿಸಿ ನೋಡುವುದು, ಮತ್ತೆ ಬಿಚ್ಚುವುದು ಎಂದು ಮಾಡುತ್ತಿದ್ದ ಆ ಹುಡುಗನಲ್ಲಿ ನಾನು ಕಂಡ ತಾಳ್ಮೆಯನ್ನು ನನ್ನ ತರಗತಿಗಳಲ್ಲಿ ಬಹಳ ಮಂದಿಯಲ್ಲಿ ಕಂಡಿಲ್ಲ.

ಗಾಳಿ ಸೋರದಂತೆ ಮಾಡಿದ್ದನ್ನೂ ಹೇಳಬೇಕು. ಓ-ರಿಂಗಿನ ಅಡಿಯಲ್ಲಿ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಎರಡು ಸುತ್ತು ಸುತ್ತಿ, ಸಿಲಿಕೋನ್ ಗ್ರೀಸ್ ಸವರಿದ. ಪರೀಕ್ಷೆ ಬಹಳ ಸುಲಭ: ಪಿಸ್ಟನ್ನನ್ನು ಹಿಂದಕ್ಕೆಳೆದು, ನಳಿಗೆಯ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಟ್ರಿಗರ್ ಒತ್ತಿದಾಗ, ಪಿಸ್ಟನ್ ಧಡಕ್ಕನೆ ಮುಂದೆ ಬಡಿದರೆ ಸೋರಿಕೆ ಇದೆ, ಆಮೆಯಂತೆ ತೆವಳಿದರೆ ಇಲ್ಲ. ಆ ಪಿಸ್ಟನ್ ತೆವಳಿದ್ದನ್ನು ನಾನೂ ನೋಡಿದ್ದೇನೆ.

ಇಂಥ ಜೋಡಣೆ ಅಡ್ಡದಾರಿಯ ಕಲ್ಪನೆಯೂ ಅಲ್ಲ. ಈ ಆಟಿಕೆಗಳನ್ನು ಮಾರುವ ಕಂಪನಿಯೇ 2006ರಲ್ಲಿ ಲಾಂಗ್‌ಶಾಟ್ ಎಂಬ ಮಾದರಿಯ ಮುಂಭಾಗಕ್ಕೆ ಸಿಕ್ಕಿಸುವ, ಒಂದು ಬಾಣದ ಪ್ರತ್ಯೇಕ ಆಟಿಕೆಯನ್ನು ಜೊತೆಯಲ್ಲಿ ಕೊಟ್ಟಿತ್ತು. 2016ರಲ್ಲಿ ಮೂರು ಬಗೆಯ ಬಾಣಗಳನ್ನು ಹಾರಿಸುವ ಮೂರು ಭಾಗಗಳ ಟ್ರೈ-ಸ್ಟ್ರೈಕನ್ನು ಹೊರತಂದಿತು. ನೀರು ಚಿಮ್ಮುವ ಸೂಪರ್ ಸೋಕರ್ ಆಟಿಕೆಯನ್ನು ಕಂಡುಹಿಡಿದು, ಆಮೇಲೆ ನರ್ಫ್‌ನ ಗಾಳಿಯೊತ್ತಡದ ಆಟಿಕೆಗಳಿಗೂ ತನ್ನ ವಿದ್ಯೆಯನ್ನು ಧಾರೆಯೆರೆದ ಲಾನಿ ಜಾನ್ಸನ್ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ದುಡಿದ ಇಂಜಿನಿಯರು. 1982ರಲ್ಲಿ ಅವರು ಮನೆಯಲ್ಲಿ ಶಾಖಯಂತ್ರವೊಂದರ ಪ್ರಯೋಗ ನಡೆಸುತ್ತಿದ್ದಾಗ ನಳಿಕೆಯಿಂದ ಚಿಮ್ಮಿದ ನೀರಿನ ಧಾರೆ ಕಂಡು ಆ ಆಟಿಕೆ ಹೊಳೆಯಿತು.

ಇನ್ನು ಅಪಾಯದ ಮಾತು. 2017ರಲ್ಲಿ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯ ವೈದ್ಯರು, ಫೋಮಿನ ಬಾಣ ತಗಲಿ ಕಣ್ಣಿನ ಮುಂಭಾಗದಲ್ಲಿ ರಕ್ತಸ್ರಾವವಾದ ಮೂವರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಅವರಲ್ಲಿ ಒಬ್ಬ ಮಗು. ಆದ್ದರಿಂದ ರಕ್ಷಣಾ ಕನ್ನಡಕ ಹಾಕಿಕೊಳ್ಳದೆ ಅಂಗಳಕ್ಕೆ ಇಳಿಯುವಂತಿಲ್ಲ ಎಂಬುದು ನಮ್ಮ ಮನೆಯ ಮೊದಲ ಷರತ್ತು. ಮುಖಕ್ಕೆ ಗುರಿಯಿಡುವಂತಿಲ್ಲ ಎಂಬುದು ಎರಡನೆಯದು. ಗಡಸು ಸ್ಪ್ರಿಂಗ್ ಹಾಕಲು ನಾನು ಒಪ್ಪಲೇ ಇಲ್ಲ. ಸೆಕೆಂಡಿಗೆ 20 ಮೀಟರ್ ವೇಗದ ಒಂದು ಗ್ರಾಂ ಬಾಣದಲ್ಲಿ ಇರುವುದು 0.2 ಜೂಲ್ ಶಕ್ತಿ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು, ಅಂದರೆ 0.8 ಜೂಲ್ ಆಗುತ್ತದೆ. ಮೋಟಾರಿನ ಚಕ್ರಗಳ ನಡುವೆ ಬಾಣವನ್ನು ಹಿಸುಕಿ ಹಾರಿಸುವ ಬಗೆಯವುಗಳಿಗೆ ಮಾಮೂಲಿ ಸೆಲ್ಲುಗಳ ಬದಲು ಲಿಥಿಯಂ ಬ್ಯಾಟರಿ ಹಾಕುವ ಚಟ ದೊಡ್ಡ ಹುಡುಗರಲ್ಲಿದೆ. ತಂತಿ ತಾಗಿ ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳುವ ಆ ಬ್ಯಾಟರಿಯನ್ನು ಹಿರಿಯರು ಪಕ್ಕದಲ್ಲಿಲ್ಲದೆ ಮುಟ್ಟಲು ಬಿಡಬಾರದು.

ಇವೆಲ್ಲಕ್ಕಿಂತ ನಾನು ಹೆಚ್ಚು ಹೆದರುವುದು ಬಣ್ಣಕ್ಕೆ. ಜೋಡಣೆಯ ಗುರುತು ಕಾಣದಿರಲೆಂದು ಇಡೀ ಆಟಿಕೆಗೆ ಕಪ್ಪು ಬಣ್ಣ ಬಳಿಯುವವರಿದ್ದಾರೆ. 2014ರ ನವೆಂಬರಿನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ, ಆಟಿಕೆಯೆಂದು ತಿಳಿಸುವ ತುದಿಯ ಕಿತ್ತಳೆ ಗುರುತು ಇಲ್ಲದ ಆಟಿಕೆ ಪಿಸ್ತೂಲು ಹಿಡಿದಿದ್ದ 12 ವರ್ಷದ ಟಾಮಿರ್ ರೈಸ್ ಎಂಬ ಬಾಲಕ ಪೊಲೀಸರ ಗುಂಡಿಗೆ ಬಲಿಯಾದ. ಅದು ಬೇರೆ ಬಗೆಯ ಆಟಿಕೆ, ಬೇರೆ ದೇಶ ನಿಜ. ಆದರೂ ಮೊಮ್ಮಗನ ಜೋಡುನಳಿಗೆಯಲ್ಲಿ ಎರಡು ನಳಿಗೆಗಳ ತುದಿಯೂ ಕಿತ್ತಳೆಯಾಗಿಯೇ ಉಳಿದಿವೆ. ಎಂ-ಸೀಲಿನ ಬೂದು ಗೆರೆಗಳೂ ಹಾಗೆಯೇ ಕಾಣುತ್ತಿವೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿರುವುದು ಸ್ವಾಗತಾರ್ಹ. ಎರಡನ್ನು ಕತ್ತರಿಸಿ ಒಂದು ಮಾಡಿದ ಮೇಲೆ ಆ ಗುರುತಿನ ಭರವಸೆ ಉಳಿಯುವುದಿಲ್ಲ, ಹೊಣೆ ಪೂರ್ತಿ ಮನೆಯವರದಾಗುತ್ತದೆ ಎಂಬುದನ್ನು ತಂದೆತಾಯಂದಿರು ತಿಳಿದಿರಬೇಕು.

ತೀರ್ಪುಗಾರರು ಇವುಗಳಲ್ಲಿ ಒಂದನ್ನಾದರೂ ಕೇಳಿದ್ದರೆ ಹುಡುಗನ ಬಳಿ ಉತ್ತರವಿತ್ತು. ಆ ಪ್ರದರ್ಶನದಲ್ಲಿ ಬಹುಮಾನ ಪಡೆದ ಮಾದರಿಗಳನ್ನು ನಾನು ನೋಡಿದೆ. ಅಂಗಡಿಯಲ್ಲಿ ಕಿಟ್ಟಾಗಿ ಸಿಗುವ ಭಾಗಗಳನ್ನು ಥರ್ಮೊಕೋಲಿನ ಮೇಲೆ ಅಂಟಿಸಿದವೇ ಹೆಚ್ಚಾಗಿದ್ದವು. ಮಕ್ಕಳನ್ನು ದೂರುತ್ತಿಲ್ಲ, ಅವರಿಗೆ ಬಿಚ್ಚಿ, ಕೆಡಿಸಿ, ಮತ್ತೆ ಕಟ್ಟಲು ಯಾರೂ ಅವಕಾಶ ಕೊಟ್ಟಿಲ್ಲ. ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ 2016ರಿಂದ ಶಾಲೆಗಳಲ್ಲಿ ಟಿಂಕರಿಂಗ್ ಲ್ಯಾಬುಗಳನ್ನು ತೆರೆಸುತ್ತಿದೆ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಆರನೆಯ ತರಗತಿಯಿಂದ ಮೇಲಿನ ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದೇ ರೂಪಿಸಿದ ಯೋಜನೆ ಇದು. ಹಾಗಿರುವಾಗ ವಸ್ತುಪ್ರದರ್ಶನಗಳ ನಿಯಮಾವಳಿಯಲ್ಲಿ ‘ಯಂತ್ರವನ್ನು ತೀರ್ಪುಗಾರರ ಎದುರು ಬಿಚ್ಚಿ ವಿವರಿಸಬೇಕು’ ಎಂಬ ಒಂದು ಸಾಲನ್ನು ಸೇರಿಸುವಂತೆ ಶಾಲಾ ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ. ಬಾಣ ಹಾರಿಸುವುದನ್ನು ಪ್ರದರ್ಶನದಲ್ಲಿ ಬೇಕಿದ್ದರೆ ನಿಷೇಧಿಸಲಿ. ಸ್ಪ್ರಿಂಗ್ ತೆಗೆದು, ಕವಚದ ಒಂದು ಪಕ್ಕವನ್ನು ತೆರೆದಿಟ್ಟರೂ ಕಲಿಯಬೇಕಾದ್ದೆಲ್ಲ ಕಾಣುತ್ತದೆ.

ನನ್ನ ಹಾಗೆ ನಿವೃತ್ತರಾದ ಫಿಟ್ಟರ್, ಟರ್ನರ್, ವೆಲ್ಡರ್ ಬೋಧಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಉಡುಪಿ ಸುತ್ತಮುತ್ತಲಿನ ಯಾವುದೇ ಶಾಲೆ ಕರೆದರೂ ಶನಿವಾರ ಮಧ್ಯಾಹ್ನ ನನ್ನದೇ ವೈಸು, ಅರ, ಹ್ಯಾಕ್‌ಸಾ ಹಾಗೂ ಹನ್ನೆರಡು ಜೊತೆ ರಕ್ಷಣಾ ಕನ್ನಡಕ ತಂದು, ಮುರಿದ ಆಟಿಕೆಗಳನ್ನು ಮಕ್ಕಳೊಡನೆ ಬಿಚ್ಚಿ ಕೂರಲು ನಾನು ಸಿದ್ಧನಿದ್ದೇನೆ. ಸಂಭಾವನೆ ಬೇಡ, ಗಟ್ಟಿಯಾದ ಒಂದು ಮೇಜು ಕೊಟ್ಟರೆ ಸಾಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ (ಫಿಟ್ಟರ್ ವಿಭಾಗ), ಉಡುಪಿ