ಭಾನುವಾರದ ಫ್ಯಾಮಿಕಾಮ್ ಆಟ: ಬರುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಫ್ಯಾಮಿಕಾಮ್ (ನಿಂಟೆಂಡೋ ಕಂಪನಿಯ ಹಳೇ ಟಿವಿ ಗೇಮ್) ಆಡಲು ಭಾನುವಾರ ಸಂಜೆ 4ಕ್ಕೆ ನಮ್ಮ ಮನೆ ಮಹಡಿಯಲ್ಲಿ ಸೇರೋಣ.

ಕ್ಯಾಸೆಟ್ ತರುವವರು ಪಿನ್ ನೋಡಿಕೊಳ್ಳಿ. 1983ರ ಜಪಾನಿ ಫ್ಯಾಮಿಕಾಮ್‌ಗೆ 60 ಪಿನ್ನಿನದು ಬೇಕು. ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ನಕಲಿ ಟಿವಿ ಗೇಮ್‌ಗಳ ಕ್ಯಾಸೆಟ್ ಹೆಚ್ಚಾಗಿ ಇದೇ ಅಳತೆಯವು. ಫ್ಯಾಮಿಕಾಮ್‌ನ ಅಮೆರಿಕದ ರೂಪವಾದ ಎನ್‌ಇಎಸ್ ಕ್ಯಾಸೆಟ್‌ಗೆ 72 ಪಿನ್, ಅಡಾಪ್ಟರ್ ಇಲ್ಲದೆ ಕೂರೋದಿಲ್ಲ.

ಕ್ಯಾಸೆಟ್ ಓಡದಿದ್ದರೆ ದಯವಿಟ್ಟು ಊದಬೇಡಿ! ಬಾಯಿಯ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತದೆ. ಹತ್ತಿ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಒಣಗಿದ ಮೇಲೆ ಹಾಕಿ.

ಜಪಾನಿನಿಂದ ಬಂದ ಪವರ್ ಅಡಾಪ್ಟರನ್ನು ನೇರವಾಗಿ ನಮ್ಮ ಪ್ಲಗ್‌ಗೆ ಚುಚ್ಚಬೇಡಿ. ಅದು 100 ವೋಲ್ಟಿನದು, ನಮ್ಮದು 230. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ನಾನು ಇಟ್ಟಿರುತ್ತೇನೆ.

ಬಾತುಕೋಳಿಗೆ ಗುರಿಯಿಟ್ಟು ಹೊಡೆಯುವ ಆಟ ಡಕ್ ಹಂಟ್‌ನ ಗನ್ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡೋದಿಲ್ಲ. ಅದಕ್ಕೆ ಪಿಕ್ಚರ್ ಟ್ಯೂಬಿನ ಹಳೇ ಟಿವಿಯೇ ಆಗಬೇಕು. ಯಾರ ಮನೆ ಅಟ್ಟದಲ್ಲಾದರೂ ಇದ್ದರೆ ಹೇಳಿ, ಆಟೋ ಬಾಡಿಗೆ ಹಂಚಿಕೊಳ್ಳೋಣ.

ಎರಡನೇ ಕಂಟ್ರೋಲರ್‌ನಲ್ಲಿ ಸ್ಟಾರ್ಟ್ ಬಟನ್ ಇಲ್ಲ ಅಂತ ಗಾಬರಿ ಬೇಡ. ಅದು ಇರೋದೇ ಹಾಗೆ, ಬದಲಿಗೆ ಮೈಕ್ ಇದೆ.

ಮಾರಿಯೋ ನನ್ನ ಹತ್ರ ಇದೆ, ಎಲ್ಲರೂ ಅದನ್ನೇ ತರಬೇಡಿ. ಕಾಂಟ್ರಾ ಆಟದ ಕ್ಯಾಸೆಟ್ ಇದ್ದವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.